ಕಂಪನಿಗೆ ಅಣ್ತಮ್ಮರು ಎಷ್ಟು ಮಂದಿ?

ಮಕ್ಕಳಿಗೆ ಮೊದಲ ನೌಕರಿ ಹುಡುಕಿಕೊಡಲು ಕೂತವರ ಮುಂದೆ ನಗುವ ಪ್ರಸಂಗಗಳು ತಾವಾಗಿಯೇ ಬಂದು ಕುರ್ಚಿ ಎಳೆದುಕೊಂಡು ಕೂರುತ್ತವೆ. ನಾನು ಕರೆದದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ನನ್ನ ಮೊದಲ ಬರಹ. ಓದುವವರಿಗೆ ಎಲ್ಲಿಯೂ ತೊಡಕಾಗಬಾರದೆಂದು ಸ್ವಲ್ಪ ಹೆಚ್ಚಾಗಿಯೇ ಬಿಡಿಸಿ ಹೇಳುತ್ತೇನೆ. ಗೊತ್ತಿದ್ದವರು ಆ ಸಾಲು ಬಿಟ್ಟು ಮುಂದೆ ಹೋಗಬಹುದು, ನನಗೇನೂ ಬೇಸರವಿಲ್ಲ.

ನಾನು ಯಾರು ಎನ್ನುವುದನ್ನೂ ಹೇಳಬೇಕು. ನನ್ನ ತವರು ಉಮರ್ಗಾ ಹತ್ತಿರದ ತುರೋರಿ. ಕೊಟ್ಟದ್ದು ಉದಗೀರಕ್ಕೆ. ಅಲ್ಲಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ನಮ್ಮ ಕಡೆ ಶಾಲೆ, ಕಚೇರಿ, ಬಸ್ಸಿನ ಬೋರ್ಡು ಎಲ್ಲ ಮರಾಠಿ. ಮನೆ, ಹೊಲ ಮತ್ತು ಜಗಳ ಕನ್ನಡ. ಹೀಗಾಗಿ ನನ್ನ ಕನ್ನಡದಲ್ಲಿ ಮರಾಠಿ ಇಣುಕಿದರೆ ಅದನ್ನು ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದಂತೆ ತಿಳಿದುಕೊಳ್ಳಿ.

ಒಂದು ದಿನ ನಮ್ಮ ಪ್ರಾಚಾರ್ಯರು ನನ್ನನ್ನು ಕರೆದು, ಇನ್ನು ಮುಂದೆ ಪ್ಲೇಸ್‌ಮೆಂಟ್ ಸೆಲ್ ನೀವೇ ನೋಡಿಕೊಳ್ಳಿ ಎಂದರು. ಕಂಪನಿಗಳಿಗೆ ಫೋನು ಮಾಡುವುದು, ಮಕ್ಕಳನ್ನು ಸಂದರ್ಶನಕ್ಕೆ ತಯಾರು ಮಾಡುವುದು, ಅವರಿಗೆ ಒಂದು ನೌಕರಿ ಸಿಗುವಂತೆ ನೋಡುವುದು, ಇದು ಆ ಸೆಲ್ಲಿನ ಕೆಲಸ. ಸೆಲ್ ಎಂದರೆ ಒಂದು ಕೋಣೆ, ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪು. ನಾನು ಹೆದರಿ, "ಸರ್, ನಂಗ ನೌಕರಿ ಕೊಡಸೂ ಅನುಭವ ಇಲ್ರಿ, ನಂದು ಭೂಗೋಳ" ಎಂದೆ.

ಪ್ರಾಚಾರ್ಯರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತೇನೆ. "ಅದಕ್ಕೇ ನಿಮ್ಮನ್ನು ಆರಿಸಿದ್ದು, ಮೇಡಂ. ನೌಕರಿಗಳೆಲ್ಲ ಬೇರೆ ಊರಲ್ಲಿರುತ್ತವೆ. ಯಾವ ಊರು ಎಲ್ಲಿದೆ ಎಂದು ನಿಮಗಲ್ಲದೆ ಇನ್ಯಾರಿಗೆ ಗೊತ್ತು?"

ಗ್ವಾಡಿ

ನನ್ನ ಕೋಣೆಗೆ ಬಂದ ಮೊದಲ ಹುಡುಗಿ ವಲಾಂಡಿಯವಳು. ವಲಾಂಡಿ ದೇವಣಿ ತಾಲೂಕಿನ ದೊಡ್ಡ ಹಳ್ಳಿ. ಹೆಸರು ಹಾಕಿದರೆ ನಾಚುತ್ತಾಳೆ, ಆದ್ದರಿಂದ ವಲಾಂಡಿ ಹುಡುಗಿ ಎಂದೇ ಕರೆಯುತ್ತೇನೆ. ಬಿ.ಎಸ್ಸಿ. ಕೊನೆಯ ವರ್ಷ, ರಸಾಯನಶಾಸ್ತ್ರ. ಮಾತು ಬಹಳ ಕಡಿಮೆ. ಅವತ್ತು ಮಾತ್ರ ಒಂದೇ ಉಸಿರಿನಲ್ಲಿ ಹೇಳಿದಳು: "ಮೇಡಂ, ಪರೀಕ್ಷಾ ಮುಗದ್ರ ನಂಗ ಲ್ಯಾಬಿನ ಬಾಗಿಲಾ ಮುಚ್ಚತದ್ರಿ. ಮನ್ಯಾಗ ಕುಂತ್ರ ಮತ್ತ ತೆರಿಯಂಗಿಲ್ಲ. ಲ್ಯಾಬ್ ಇರೂ ನೌಕರಿ ಬೇಕ್ರಿ."

ಅಂಥದ್ದೊಂದು ಇತ್ತು. ಉಮರ್ಗಾದಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಔಷಧ ತಯಾರಿಸುವ ಒಂದು ಕಾರ್ಖಾನೆ. ಅವರ ಪ್ರಯೋಗಶಾಲೆಗೆ ಹೊಸ ಹುಡುಗ ಹುಡುಗಿಯರು ಬೇಕಾಗಿದ್ದರು. ಹುಡುಗಿಯರಿಗೆ ಹಾಸ್ಟೆಲ್ಲೂ ಇತ್ತು. "ಆದ್ರ ಆಯಿ ಹೂಂ ಅನಬೇಕ್ರಿ" ಎಂದಳು ಹುಡುಗಿ. ಮರಾಠಿಯವರಿಗೆ ಆಯಿ ಎಂದರೆ ತಾಯಿ, ನಮಗೆ ಅಜ್ಜಿ. ಹುಡುಗಿಯ ಅಪ್ಪ ಅವ್ವ ಕುರಿ ಹಿಂಡಿನ ಹಿಂದೆ ತಿರುಗುವವರು. ಮನೆ, ಹೊಲ, ಹೂಂ ಮತ್ತು ಊಹೂಂ ಎಲ್ಲ ಆಯಿಯ ಕೈಯಲ್ಲಿ.

ಮರುದಿನ ಆಯಿಯೇ ಬಂದಳು. ಹಣೆಗೆ ಭಂಡಾರ, ಅಂದರೆ ಕುರಿಗಾರರ ದೇವರು ಬೀರಪ್ಪನ ಅರಿಶಿನ. ಕುರ್ಚಿಯನ್ನು ಒಮ್ಮೆ ಅಲುಗಾಡಿಸಿ ನೋಡಿ ಕೂತಳು. ನೇರವಾಗಿ ವಿಚಾರಣೆ ಶುರುವಾಯಿತು.

"ಕಂಪನಿ ಮಾಲಕ ಯಾವೂರಾಂವ?"

"ಅದು ಲಿಮಿಟೆಡ್ ಕಂಪನಿ, ಆಯಿ. ಒಬ್ಬ ಮಾಲಕ ಅಂತ ಇರಂಗಿಲ್ಲ. ಪಾಲಿನವರು ಇರ್ತಾರ."

"ಅಣ್ತಮ್ಮರೇನು? ಎಷ್ಟು ಮಂದಿ?"

"ಅಣ್ತಮ್ಮರಲ್ಲ. ಸಾವಿರಾರು ಮಂದಿ ಪಾಲಿನವರು."

"ಅಗಾ ಬಾಬೋ! ಎಲ್ಲಾರೂ ಒಂದ ಮನ್ಯಾಗ ಅದಾರ, ಬ್ಯಾರೆ ಆಗ್ಯಾರ?"

ಶೇರು ಎಂದರೇನು ಎಂದು ನಾನು ವಿವರಿಸಲು ಹೋದೆ. ವಿವರಿಸುವುದು ನನ್ನ ಚಟ. "ಆಯಿ, ಅವರು ಒಬ್ಬರ ಮಾರಿ ಒಬ್ಬರು ನೋಡೇ ಇಲ್ಲ" ಎಂದುಬಿಟ್ಟೆ.

ಆಯಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು. "ನಮ್ಮಲ್ಲಿ ಇಬ್ಬರು ಅಣ್ತಮ್ಮರು ಮಾರಿ ನೋಡೂದು ಬಿಟ್ರ ನಡುಮನ್ಯಾಗ ಒಂದು ಗ್ವಾಡಿ ಏಳ್ತದ. ಸಾವಿರಾರು ಮಂದಿ ಮಾರಿ ನೋಡಿಲ್ಲ ಅಂತೀರಿ. ಆ ಮನ್ಯಾಗ ಗ್ವಾಡಿ ಬಿಟ್ಟು ಮತ್ತೇನರ ಉಳದದೇನ್ರಿ ಮೇಡಂ?"

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ತನ್ನ ಕಡೆಯ ಮಾತು ಹೇಳಿದಳು. ಇದನ್ನು ಇದ್ದ ಹಾಗೆ ಬರೆಯುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಕಷ್ಟವೂ ಇದರಿಂದಲೇ. "ನೌಕರಿಗೆ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಯಾರ ಮಗಳು, ಎಂಥಾ ಮನೀದು ಅಂತ ಕೇಳದವರ ಕಡಿ ನಾ ಹುಡುಗಿ ಕಳಸಂಗಿಲ್ಲ. ಇವತ್ತ ಯಾರ ಮಗಳು ಅಂತ ಕೇಳದವರು ನಾಳಿ ಆಕಿಗಿ ಜ್ವರ ಬಂದ್ರ ಹೆಂಗಿದ್ದಿ ಅಂತ ಕೇಳ್ತಾರೇನು?"

ಅಪೇಕ್ಷೆ

ಆಯಿ ಹೂಂ ಅನ್ನುವವರೆಗೆ ಕೈ ಕಟ್ಟಿ ಕೂರುವುದು ಬೇಡ, ಅರ್ಜಿಯನ್ನಾದರೂ ಕಳಿಸೋಣ ಎಂದೆ. ಅದಕ್ಕೆ ಬಯೋಡಾಟಾ ಬೇಕು. ನಮ್ಮ ಮಕ್ಕಳು ಬಯೋಡಾಟಾ ಮಾಡಿಸುವುದು ಬಸ್ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಆ ಅಂಗಡಿಯವನು ಊರಿನ ಅರ್ಧ ಮದುವೆಗಳ ಬಯೋಡಾಟಾ ಮಾಡಿದವನು. ಅವನ ಕಂಪ್ಯೂಟರಿನಲ್ಲಿ ಒಂದೇ ನಮೂನೆ. ಮೇಲೆ ಗಣಪತಿ, ಕೆಳಗೆ ಹೆಸರು, ರಾಶಿ, ಬಣ್ಣ, ಎತ್ತರ, ಸೋದರಮಾವಂದಿರ ಊರು, ಹೊಲ ಎಷ್ಟು, ಅದರಲ್ಲಿ ನೀರಾವರಿ ಎಷ್ಟು. ನೌಕರಿಗೆ ಬೇಕು ಎಂದರೆ "ನೌಕರಿ ಇದ್ದವರಿಗೇ ಬೇಡಿಕೆ ಜಾಸ್ತಿ" ಎಂದು ತಲೆದೂಗಿ ಅದನ್ನೇ ಕೊಡುತ್ತಾನೆ.

ನಾನು ವಲಾಂಡಿ ಹುಡುಗಿಯದನ್ನು ತಿದ್ದಿದೆ. ಗಣಪತಿಗೆ ಕೈ ಮುಗಿದು ತೆಗೆದೆ. ರಾಶಿ ತೆಗೆದೆ, ಬಣ್ಣ ತೆಗೆದೆ, ಮಾವಂದಿರನ್ನು ತೆಗೆದೆ. ಮೊದಲ ಪುಟ ಚೆನ್ನಾಯಿತು ಎಂದು ಸಮಾಧಾನದಿಂದ ಕಳಿಸಿಬಿಟ್ಟೆ. ಅದಕ್ಕೆ ಎರಡನೆಯ ಪುಟವೂ ಇತ್ತು ಎನ್ನುವುದು ನನಗೆ ಗೊತ್ತಾದದ್ದು ಕಾರ್ಖಾನೆಯಿಂದ ಫೋನು ಬಂದಾಗ.

ಫೋನು ಮಾಡಿದವರು ಅಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಅಧಿಕಾರಿ. ಕಲಬುರಗಿ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ಅದೂ ಇದೂ ಕೇಳಿ ಕಡೆಗೆ ಗಂಟಲು ಸರಿಮಾಡಿಕೊಂಡರು.

"ಮೇಡಂ, ಎರಡನೇ ಪುಟದಾಗ 'ಅಪೇಕ್ಷೆ' ಅಂತ ಅದ್ರಿ. ನಿರ್ವ್ಯಸನಿ ಇರಬೇಕು, ಸ್ವಂತ ಮನಿ ಇರಬೇಕು ಅಂತ ಬರದಾರ."

ನೆಲ ಬಿರಿದರೆ ಸಾಕು ಅನಿಸಿತು. "ಅದು... ಅದು ಝೆರಾಕ್ಸ್ ಅಂಗಡಿಯವನ ಅಪೇಕ್ಷೆ ಸರ್" ಎಂದೆ.

"ಇರ್ಲಿ ಬಿಡ್ರಿ. ಹುಡುಗಿನ್ನ ಮಾತಿಗೆ ಕರೀತೀವಿ. ಆದ್ರ ಮದ್ಲ ಆಕಿನ್ನ ಒಂದ್ ಮಾತ್ ಕೇಳ್ರಿ. ನಮ್ಮ ಕಂಪನಿ ನಿರ್ವ್ಯಸನಿ ಹೌದು, ಜಾಗಾ ಮಾತ್ರ ಬಾಡಿಗೀದು. ನಡೀತದೇನು?"

ಒಡೆದವನು

ಸಂದರ್ಶನಕ್ಕೆ ಮೊದಲು ತಾಲೀಮು ಬೇಕಲ್ಲ. ಮಕ್ಕಳನ್ನು ಕೂರಿಸಿ ನಾನೇ ಅಧಿಕಾರಿಯಂತೆ ಪ್ರಶ್ನೆ ಕೇಳತೊಡಗಿದೆ. ಎಲ್ಲ ಕಂಪನಿಯವರೂ ಕೇಳುವ ಒಂದು ಪ್ರಶ್ನೆಯಿದೆ: ನಿಮ್ಮಲ್ಲಿರುವ ಒಳ್ಳೆಯ ಗುಣಗಳೇನು, ದೋಷಗಳೇನು? ಬೇರೆ ಕಡೆಯ ಮಕ್ಕಳು ಇದಕ್ಕೆ ಪಟಪಟ ಉತ್ತರ ಹೇಳುತ್ತಾರಂತೆ. ನಮ್ಮ ಕಡೆ ತನ್ನ ಬಾಯಿಂದ ತನ್ನನ್ನು ಹೊಗಳಿಕೊಂಡವನಿಗೆ ಊರಲ್ಲಿ ಒಂದು ಅಡ್ಡಹೆಸರು ಖಾಯಂ. ಹಾಗಾಗಿ ಈ ಪ್ರಶ್ನೆ ಬಂದರೆ ಮಕ್ಕಳು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತಾರೆ.

ವಲಾಂಡಿ ಹುಡುಗಿಯನ್ನು ಕೇಳಿದೆ. ಅವಳು ಸೆರಗಿಲ್ಲದಿದ್ದರೂ ಓಢಣಿಯ ತುದಿಯನ್ನು ಬೆರಳಿಗೆ ಸುತ್ತಿದಳು. "ನಂದು ನಾ ಹೆಂಗ ಹೇಳ್ಲಿ ಮೇಡಂ? ಮಂದಿ ಹೇಳಬೇಕು."

ಅವಳ ಜೊತೆಯಲ್ಲೇ ಓದುವ ನಿಲಂಗಾದ ಹುಡುಗನೊಬ್ಬನಿದ್ದ. ಅವನನ್ನು ಕೇಳಿದೆ. "ಗುಣಾ ನಮ್ಮ ಅವ್ವಗ ಕೇಳ್ರಿ, ದೋಷ ನಮ್ಮ ಅಪ್ಪಗ ಕೇಳ್ರಿ ಮೇಡಂ. ನಾ ಹೇಳಿದ್ರ ಇಬ್ಬರೂ ಸಿಟ್ಟಾಗ್ತಾರ" ಎಂದ.

ಆಗ ನನಗೊಂದು ಉಪಾಯ ಹೊಳೆಯಿತು. ನಿಮ್ಮದು ಬೇಡ, ಒಬ್ಬರ ಗುಣ ಇನ್ನೊಬ್ಬರು ಹೇಳಿ ಎಂದೆ. ಅದನ್ನು ಕೇಳಿಸಿಕೊಂಡು ನೆನಪಿಟ್ಟರೆ ಸಂದರ್ಶನದಲ್ಲಿ 'ನನ್ನ ಗೆಳೆಯರು ಹೀಗೆ ಹೇಳುತ್ತಾರೆ' ಎನ್ನಬಹುದು. ಹೊಗಳಿಕೊಂಡ ದೋಷವೂ ಬರುವುದಿಲ್ಲ.

ನಿಲಂಗಾದವನು ಎದ್ದು ನಿಂತ. "ಈಕಿ ಮಾತಾಡಂಗಿಲ್ಲ ಮೇಡಂ, ಆದ್ರ ಕೆಲಸ ಬಿಡಂಗಿಲ್ಲ. ಲ್ಯಾಬನ್ಯಾಗ ನನ್ನ ಕೈಯಾಗಿಂದು ಗಾಜು ಬಿದ್ದು ಒಡದ್ರ ಎಲ್ಲಾರೂ ನಗ್ತಾರ. ಈಕಿ ಮದ್ಲ ಕಸಬರಗಿ ತರ್ತಾಳ, ಆಮ್ಯಾಲ ಬೈತಾಳ."

ಚೆನ್ನಾಗಿದೆ, ಇದನ್ನೇ ಹೇಳು ಎಂದೆ. ಈಗ ನೀನು ಅವನ ಗುಣ ಹೇಳಮ್ಮ ಎಂದೆ.

ವಲಾಂಡಿ ಹುಡುಗಿ ಬಹಳ ಹೊತ್ತು ಯೋಚಿಸಿದಳು. ಸುಳ್ಳು ಹೇಳುವವಳಲ್ಲ. "ಅಂವಾ ಅಗದಿ ಪ್ರಾಮಾಣಿಕ ಅದಾನ್ರಿ. ಒಡದಂವ ನಾನ ಅಂತ ಒಪ್ಕೋತಾನ. ದಿನಾ ಒಪ್ಕೋತಾನ."

ಉಂಡು ಬರ್ರಿ

ಸಂದರ್ಶನ ವಿಡಿಯೊ ಮೂಲಕ, ಅಂದರೆ ಅವರು ಅಲ್ಲಿ, ನಾವು ಇಲ್ಲಿ, ನಡುವೆ ಲ್ಯಾಪ್‌ಟಾಪು. ಹುಡುಗಿಯ ಜೊತೆ ಆಯಿಯೂ ಬಂದಳು. "ಯಾವನೋ ಗಂಡಸು ನನ್ನ ಮೊಮ್ಮಗಳ ಜೋಡಿ ಮಾತಾಡ್ತಾನಂದ್ರ ನಾ ಕುಂದ್ರತೀನಿ. ಮಾತಾಡಿದ್ರ ಕೊಟ್ಟಂಗೇನಲ್ಲ" ಎಂದಳು. ಕ್ಯಾಮೆರಾಕ್ಕೆ ಕಾಣದ ಹಾಗೆ ಅವಳನ್ನು ಪಕ್ಕದಲ್ಲಿ ಕೂರಿಸಿದೆ. ಬಾಯಿ ತೆರೆಯಬಾರದು ಎಂದು ಕೈ ಮುಗಿದು ಕೇಳಿಕೊಂಡೆ. ಹೂಂ ಎಂದಳು. ಅದು ಅವಳಿಂದ ನನಗೆ ಸಿಕ್ಕ ಮೊದಲ ಹೂಂ.

ಬೆಳಿಗ್ಗೆಯ ಹೊತ್ತು ಎಂದಿದ್ದರು, ಮಧ್ಯಾಹ್ನವಾಯಿತು. ಕಡೆಗೂ ಪರದೆಯ ಮೇಲೆ ಆ ಕಲಬುರಗಿ ಅಧಿಕಾರಿ ಕಾಣಿಸಿಕೊಂಡರು. ಮುಖ ಬಾಡಿತ್ತು, ಧ್ವನಿ ಗಡುಸಾಗಿತ್ತು. ಹುಡುಗಿ ನಮಸ್ಕಾರ ಮಾಡಿದಳು. ಅವರು ಮೊದಲ ಪ್ರಶ್ನೆ ಕೇಳುವಷ್ಟರಲ್ಲಿ ಪಕ್ಕದಿಂದ ಆಯಿಯ ಧ್ವನಿ ಬಂತು.

"ಊಟ ಆಯ್ತೇನ್ ಕೇಳು."

ನಾನು ಆಯಿಯ ಕೈ ಹಿಡಿದೆ. ಹುಡುಗಿ ಹೆದರಿ ನನ್ನನ್ನು ನೋಡಿದಳು. ಅಧಿಕಾರಿ "ಯಾರ್ರಿ ಅದು?" ಎಂದರು. ಇನ್ನು ಮುಚ್ಚಿಡುವುದು ಹೇಗೆ? ಆಯಿ ತಾನೇ ಬಗ್ಗಿ ಕ್ಯಾಮೆರಾದ ತುಂಬ ಮುಖ ತಂದಳು.

"ನಾ ಆಕಿ ಆಯಿ. ಊಟ ಆಗ್ಯದೇನಪ್ಪಾ?"

ಆ ಮನುಷ್ಯನಿಗೆ ಏನಾಯಿತೋ, ನಿಜ ಹೇಳಿಬಿಟ್ಟರು. "ಇಲ್ಲ ಆಯಿ. ಮುಂಜಾನಿಂದ ಇದೇ ನಡದದ."

"ಮುಂಜಾನಿಂದ ಉಪಾಸ ಇದ್ದು ಮಂದಿನ್ನ ಪಾರಕ್ ಮಾಡ್ಲತ್ತೀರಿ?" ಎಂದಳು ಆಯಿ. ಪಾರಕ್ ಮಾಡುವುದು ಎಂದರೆ ಒಳ್ಳೆಯದು ಕೆಟ್ಟದ್ದು ಆರಿಸುವುದು. "ನಾವು ಹಸದ ಹೊಟ್ಟೀಲೆ ಕುರಿ ಸೈತ ಆರಸಂಗಿಲ್ಲ. ಎಲ್ಲಾ ಬಡಕ ಕಾಣ್ತಾವ. ಹೋಗ್ರಿ, ಉಂಡು ಬರ್ರಿ. ಹುಡುಗಿ ಎಲ್ಲಿ ಓಡಿ ಹೋಗಂಗಿಲ್ಲ." ಹಾಗೆ ಹೇಳಿ ಲ್ಯಾಪ್‌ಟಾಪನ್ನು ಪೆಟ್ಟಿಗೆಯ ಮುಚ್ಚಳದಂತೆ ಟಪ್ಪನೆ ಮುಚ್ಚಿದಳು.

ಹುಡುಗಿಯ ಕಣ್ಣಲ್ಲಿ ನೀರು. ನೌಕರಿಯ ಕಥೆ ಅಲ್ಲಿಗೆ ಮುಗಿಯಿತು ಎಂದು ತಿಳಿದೆವು. ಆಯಿ ಮಾತ್ರ ಗಂಟು ಬಿಚ್ಚಿ ನಮಗೂ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ಕೊಟ್ಟಳು.

ಸ್ವಲ್ಪ ಹೊತ್ತಿಗೆ ಮತ್ತೆ ಕರೆ ಬಂತು. ಅದೇ ಅಧಿಕಾರಿ, ಮುಖದ ಮೇಲೆ ಕಳೆ ಬಂದಿತ್ತು. ಹುಡುಗಿಯನ್ನು ಸಮಾಧಾನವಾಗಿ ಕೇಳಿದರು. ಅವಳೂ ನಿಧಾನವಾಗಿ, ಸರಿಯಾಗಿ ಹೇಳಿದಳು. ಕಸಬರಗಿಯ ವಿಷಯ ಬಂದಾಗ ನಕ್ಕರು. ಸಂಜೆ ನನಗೆ ಫೋನು ಮಾಡಿ ಹುಡುಗಿ ಆಯ್ಕೆಯಾಗಿದ್ದಾಳೆ ಎಂದರು.

"ಬಹಳ ಉಪಕಾರ ಆಯ್ತು ಸರ್" ಎಂದೆ.

"ಉಪಕಾರ ಆಯಿಗೆ ಹೇಳ್ರಿ. ಊಟಕ್ಕಿಂತ ಮದ್ಲ ಬಂದವರಿಗೆ ಎಲ್ಲಾರಿಗೂ ಬ್ಯಾಡ ಅಂದಿದ್ದೆ. ನಾಳಿ ಅವರನ್ನೆಲ್ಲಾ ಮತ್ತ ಕರೀಬೇಕಾಗ್ಯದ."

ನೀರು ಕೇಳದ ಮನಿ

ಆಯ್ಕೆಯಾಯಿತು. ಆದರೆ ಆಯಿಯ ಹೂಂ ಇನ್ನೂ ಆಗಿರಲಿಲ್ಲ. ಆಕೆಯ ಮಾತು ಅದೇ. ನಮ್ಮ ಮನೆ ಎಂಥದ್ದು ಎಂದು ಅವರು ಕೇಳಲಿಲ್ಲ. ಹೋಗಲಿ, ಅವರ ಮನೆ ಎಂಥದ್ದು ಎಂದು ನಾವಾದರೂ ನೋಡೋಣ. ಹೀಗೆಂದು ಹುಡುಗಿಯ ಕಾಕಾನನ್ನು ಕಾರ್ಖಾನೆಗೆ ಕಳಿಸಿದಳು. ಕಾಕಾ ಎಂದರೆ ಅಪ್ಪನ ತಮ್ಮ.

ನಮ್ಮಲ್ಲಿ ವರನ ಮನೆ ನೋಡುವುದಕ್ಕೆ ಒಂದು ಪದ್ಧತಿ ಇದೆ. ಹೇಳದೆ ಕೇಳದೆ ಹೋಗಬೇಕು. ಹೇಳಿ ಹೋದರೆ ಎಲ್ಲರೂ ಅಂಗಳ ಸಾರಿಸುತ್ತಾರೆ. ಕಾಕಾ ತಲೆಗೆ ಹಳದಿ ಪಟಗಾ ಸುತ್ತಿ, ಉಮರ್ಗಾದಲ್ಲಿ ಬಸ್ಸು ಬದಲಿಸಿ, ಹೇಳದೆ ಕೇಳದೆ ಕಾರ್ಖಾನೆಯ ಗೇಟಿಗೆ ಹೋಗಿ ನಿಂತ. ವಾಚ್‌ಮನ್ ಪಾಸ್ ಕೇಳಿದ. ಕಾಕಾ, "ಸೋಯರಿಕಿ ಮನಿಗಿ ಪಾಸ್ ತಗೊಂಡು ಹೋಗ್ತಾರೇನು?" ಎಂದ. ಸೋಯರಿಕಿ ಎಂದರೆ ಮದುವೆಯ ಸಂಬಂಧ. ಬಿಸಿಲಲ್ಲಿ ಬಹಳ ಹೊತ್ತು ನಿಂತು, ಎದುರಿನ ಗಾಡಿಯಲ್ಲಿ ಚಹಾ ಕುಡಿದು ತಿರುಗಿ ಬಂದ.

ಆಯಿ ನನಗೆ ಹೇಳಿ ಕಳಿಸಿದಳು, ಹುಡುಗಿಯನ್ನು ಕಳಿಸುವುದಿಲ್ಲ ಎಂದು. ನಾನು ಫೋನು ಮಾಡಿದೆ.

"ಗೇಟಿನ್ಯಾಗ ನಿಂತವಗ ಒಂದು ಚರಗಿ ನೀರ ಕೇಳಲಿಲ್ಲ ಮೇಡಂ. ನೀರ ಕೇಳದ ಮನಿಗಿ ಮಗಳನ್ನ ಹೆಂಗ ಕಳಸೂದು?"

"ಆಯಿ, ಔಷಧ ಮಾಡೂ ಜಾಗಾ ಅದು. ಯಾರನ್ನೂ ಹಂಗ ಒಳಗ ಬಿಡಂಗಿಲ್ಲ. ವಾಚ್‌ಮನ್ ಕೆಲಸಾನ ಅದು, ತಡಿಯೂದು."

"ತಡಿಲಿ, ನಾ ಏನ್ ಅಂತೀನಿ? ನಮ್ಮ ನಾಯಿನೂ ತಡೀತದ. ಆದ್ರ ನಾಯಿ ಒದರಿದ ಮ್ಯಾಲ ಮನ್ಯಾಗಿಂದ ಯಾರರ ಒಬ್ಬರು ಬಂದು ಬರ್ರಿ ಅಂತೀವಿ."



ಮನಿ ನೋಡ್ಲಾಕ ಬಂದಂವ

ಕೆಲಸಕ್ಕೆ ಸೇರುವ ದಿನ ಹತ್ತಿರ ಬಂತು. ಆ ದಿನ ಹೋಗದಿದ್ದರೆ ಜಾಗ ಇನ್ನೊಬ್ಬರಿಗೆ. ನಾನು ರಜೆ ಹಾಕಿ ಆಯಿಯನ್ನು ಒಪ್ಪಿಸಲು ವಲಾಂಡಿಗೆ ಹೋದೆ.

ಆಯಿ ಚೆನ್ನಾಗಿ ನೋಡಿಕೊಂಡಳು. ಚಹಾ ಕೊಟ್ಟಳು, ಹೂಂ ಮಾತ್ರ ಕೊಡಲಿಲ್ಲ. ನಾನು ಮೂರನೆಯ ಸಲ ಅದೇ ವಿವರಣೆ ಶುರು ಮಾಡಿದಾಗ ಹೊರಗೆ ಗದ್ದಲ ಕೇಳಿಸಿತು. ಓಣಿಯ ಮಂದಿ ಒಬ್ಬ ಯುವಕನನ್ನು ನಡುವೆ ಹಾಕಿಕೊಂಡು ಬರುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ, ಒರೆಸಿದ ಬೂಟು. ಸ್ಟ್ಯಾಂಡಿನಲ್ಲಿ ಇಳಿದು ಈ ಹುಡುಗಿಯ ಹೆಸರು ಹೇಳಿ ಮನೆ ಎಲ್ಲಿ, ಮಂದಿ ಹೇಗೆ ಎಂದು ಕೇಳಿದನಂತೆ. ನಮ್ಮ ಹಳ್ಳಿಗಳಲ್ಲಿ ಇಸ್ತ್ರಿ ಅಂಗಿಯ ಯುವಕ ಬಂದು ಒಬ್ಬ ಹುಡುಗಿಯ ಮನೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಮುಂದೆ ಅವನಿಗೆ ಮಾತು ಮುಗಿಸಲು ಯಾರೂ ಬಿಡುವುದಿಲ್ಲ.

"ಆಯೀ, ಹುಡುಗಿ ನೋಡ್ಲಾಕ ಬಂದಾರ!" ಎಂದು ನೆರೆಮನೆಯ ಹೆಂಗಸು ಕೂಗಿದಳು.

"ಹೌದ್ರಿ, ಹುಡುಗಿನ್ನೂ ನೋಡಬೇಕು, ಮನಿನೂ ನೋಡಬೇಕು" ಎಂದ ಆ ಯುವಕ, ಬೆವರು ಒರೆಸಿಕೊಳ್ಳುತ್ತಾ.

ನೌಕರಿ ಹೋಯಿತು, ಲ್ಯಾಬೂ ಹೋಯಿತು, ಇನ್ನು ಇವಳ ಕೈಗೆ ಲಟ್ಟಣಿಗೆಯೇ ಗತಿ ಎಂದುಕೊಂಡೆ. ಹುಡುಗಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ಆಯಿ ಎದ್ದು ಚಾಪೆ ಹಾಸಿದಳು. ಪೋಹೆ ಬಂತು, ಚಹಾ ಬಂತು. ಯುವಕ ಬೇಡ ಬೇಡ ಎನ್ನುತ್ತಲೇ ಎರಡು ತಟ್ಟೆ ಪೋಹೆ ತಿಂದ.

ಆಮೇಲೆ ಪ್ರಶ್ನೆಗಳು ಶುರುವಾದವು. ಅವನು ಕೇಳಿದ್ದೆಲ್ಲ ವರನ ಕಡೆಯವರು ಕೇಳುವಂಥದ್ದೇ.

"ಮನಿ ಸ್ವಂತದ್ದ ಏನ್ರಿ?"

"ನಮ್ಮ ಮಾವ ಕಟ್ಟಿಸಿದ್ದು."

"ಮನ್ಯಾಗ ಎಷ್ಟು ಮಂದಿ ಇರ್ತೀರಿ?"

"ಕುರಿ ಬಿಟ್ಟು ಏಳು ಮಂದಿ."

"ಹುಡುಗಿ ಮ್ಯಾಲ ಪೊಲೀಸ್ ಕೇಸ್ ಏನರ ಅವ ಏನ್ರಿ?"

ಇದಕ್ಕೆ ಓಣಿಯ ಮಂದಿಯೆಲ್ಲ ಒಮ್ಮೆಲೇ ಹೋ ಎಂದರು. ಆಯಿ ಕೈ ಎತ್ತಿ ಸುಮ್ಮನಾಗಿಸಿದಳು. "ಬೀರಪ್ಪನಾಣಿ, ಹಿಂತಾ ಪ್ರಶ್ನಿ ಯಾವ ಬೀಗನೂ ಕೇಳಿದ್ದಿಲ್ಲ. ಆದ್ರ ಹುಡುಗ ಹುಷಾರ ಅದಾನ, ಬುಡಮಟ್ಟ ಕೇಳ್ತಾನ. ಈಗ ನಾ ಕೇಳ್ತೀನಿ. ಯಾವೂರಪ್ಪಾ ನಿಂದು?"

"ಉಮರ್ಗಾ ಹತ್ರ ಆಯಿ."

"ಲಗ್ನ ಆಗಿಲ್ಲ ಅಲಾ?"

"ಇಲ್ರಿ."

"ಕುಡಿಯೂದು, ಗುಟ್ಕಾ?"

"ಬರೇ ಚಹಾ ರೀ."

ಆಯಿಗೆ ಸಮಾಧಾನವಾಯಿತು. ಓಣಿಯವರಿಗೂ ಆಯಿತು. ಕಾಕಾ ಎದ್ದು ಪಟಗಾ ಸರಿಮಾಡಿಕೊಂಡ. ಆಗ ಆಯಿ ಕಡೆಯ ಪ್ರಶ್ನೆ ಕೇಳಿದಳು.

"ನೌಕರಿ ಪರ್ಮನಂಟ್ ಅದೇನು?"

ಯುವಕ ತಲೆ ತಗ್ಗಿಸಿದ. "ಇಲ್ಲ ಆಯಿ. ಕಾಂಟ್ರ್ಯಾಕ್ಟ್. ಕೆಲಸ ಇದ್ರ ಕರೀತಾರ, ಮನಿ ಮನಿ ತಿರಗ್ತೀನಿ."

ಆಯಿ ಅವನ ಮುಂದಿನ ತಟ್ಟೆಯನ್ನು ಮೃದುವಾಗಿ ಎತ್ತಿಕೊಂಡಳು. "ತಪ್ಪು ತಿಳ್ಕೋಬ್ಯಾಡಪ್ಪಾ. ನೀ ಛಲೋ ಹುಡುಗ ಅದಿ. ಆದ್ರ ಮನಿ ಮನಿ ತಿರಗೂ ಹುಡುಗಗ ನಮ್ಮ ಹುಡುಗಿ ಕೊಡ್ಲಾಕ ಬರಂಗಿಲ್ಲ."

ಯುವಕ ಬಿಳಿಚಿಕೊಂಡ. ಚೀಲದಿಂದ ಕಾಗದ ತೆಗೆಯುತ್ತಾ, "ನಂಗ ಯಾಕ ಕೊಡ್ತೀರಿ ಆಯಿ? ಕಂಪನಿಗಿ ಕಳಸಂಗಿಲ್ಲಂತ ಬರೀಲೇನು?" ಎಂದ.

ಆಗ ಬಾಗಿಲ ಹಿಂದಿನಿಂದ ವಲಾಂಡಿ ಹುಡುಗಿ ಅಂಗಳಕ್ಕೇ ಬಂದುಬಿಟ್ಟಳು. ಅಷ್ಟು ಮಂದಿಯ ಮುಂದೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಬರೀಬ್ಯಾಡ್ರಿ! ಆಯೀ, ಅಂವಾ ನನ್ನ ಮಾಡ್ಕೊಳ್ಳಾಕ ಬಂದಂವ ಅಲ್ಲ. ಔಷಧ ಕಂಪನಿಯವರು ನಮ್ಮ ಮನಿ ನೋಡ್ಲಾಕ ಕಳಸ್ಯಾರ."

ಇಲ್ಲಿ ನಾನೊಂದು ವಿವರಣೆ ಕೊಡಲೇಬೇಕು. ದೊಡ್ಡ ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ವಿಳಾಸ ನಿಜವೇ, ಮನುಷ್ಯರು ಸರಿಯೇ ಎಂದು ನೋಡಲು ಒಬ್ಬರನ್ನು ಮನೆಗೆ ಕಳಿಸುತ್ತಾರೆ. ವೆರಿಫಿಕೇಶನ್ ಎನ್ನುತ್ತಾರೆ. ಪ್ಲೇಸ್‌ಮೆಂಟ್ ಸೆಲ್ ನಡೆಸುವ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ.

ಆಯಿ ನಿಧಾನವಾಗಿ ಕೂತಳು. "ಕಂಪನಿಯವರು ನಮ್ಮ ಮನಿ ಎಂಥಾದ್ದು ಅಂತ ನೋಡ್ಲಾಕ ಮನಷ್ಯಾನ್ನ ಕಳಸ್ಯಾರ?"

"ಹೌದ್ರಿ."

"ಯಾರ ಮಗಳು ಅಂತ ಕೇಳ್ಯಾರ?"

"ಅದ ಮದ್ಲನೇ ಪ್ರಶ್ನಿ ಅದ್ರಿ. ಇಬ್ಬರು ನೆರಿಮನಿಯವರ ಸಹಿನೂ ಬೇಕು."

ಆಯಿ ನನ್ನ ಕಡೆ ತಿರುಗಿದಳು. ಅಷ್ಟು ಸಿಟ್ಟನ್ನು ನಾನು ಎಂದೂ ನೋಡಿರಲಿಲ್ಲ. "ಏನ್ ಮೇಡಂ ನೀವು! ಇಷ್ಟು ದಿವಸ ಶೇರು, ಲಿಮಿಟೆಡ್ಡು, ವಾಚ್‌ಮನ್ನು ಅಂತ ತಲಿ ತಿಂದ್ರಿ. ನೆರಿಹೊರಿ ಕೇಳಿ ತಗೊಳ್ಳೂ ಮನಿತನಸ್ಥ ಮಂದಿ ಅಂತ ಒಂದ್ ಮಾತ್ ಹೇಳಿದ್ರ ಅವತ್ತ ಕಳಸ್ತಿದ್ದೆ."

ಹೂಂ ಆಯಿತು. ನೆರೆಯವರಲ್ಲಿ ಸಹಿಗಾಗಿ ನೂಕುನುಗ್ಗಲಾಯಿತು. ಇಬ್ಬರು ಸಾಕು ಎಂದರೆ ಯಾರೂ ಕೇಳಲಿಲ್ಲ, ಇಡೀ ಓಣಿ ಸಹಿ ಮಾಡಿತು. ಕಾಕಾ ಗೇಟಿನ ಸಿಟ್ಟು ಮರೆತು ತಾನೂ ಮಾಡಿದ. ಆಯಿ ಬೀಗರಿಗೆ ಮಾಡುವಂತೆ ಯುವಕನಿಗೆ ಕುಂಕುಮ ಹಚ್ಚಿ, ಟೋಪಿ, ಟಾವೆಲ್, ತೆಂಗಿನಕಾಯಿ ಕೊಟ್ಟಳು. ಅವನು ಗಾಬರಿಯಾಗಿ, "ನಾವು ಏನೂ ತಗೊಳ್ಳಾಂಗಿಲ್ಲ ಆಯಿ, ರೂಲ್ ಅದ" ಎಂದ. "ನಿಂಗ್ಯಾರು ಕೊಟ್ಟಾರ? ಕಂಪನಿಗಿ ಕೊಡು" ಎಂದಳು ಆಯಿ.

ನಾನು ಮತ್ತು ಹುಡುಗಿ ಅವನನ್ನು ಸ್ಟ್ಯಾಂಡಿನವರೆಗೆ ಕಳಿಸಲು ಹೋದೆವು. ಅವನು ಟೋಪಿ ಹಾಕಿಕೊಂಡು, ತೆಂಗಿನಕಾಯಿ ಹಿಡಿದುಕೊಂಡು ನಮ್ಮ ಜೊತೆ ನಡೆದ. ಬಸ್ಸು ಕಾಣಿಸಿದಾಗ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಮೇಡಂ, ನಿಮ್ಮ ಸೆಲ್‌ನ್ಯಾಗ ಹೊರಗಿನವರಿಗೂ ನೌಕರಿ ನೋಡ್ತೀರೇನ್ರಿ? ಪರ್ಮನಂಟ್ ಇರೂದು?"

"ನೋಡೂಣು. ಯಾಕ, ಈ ಕೆಲಸ ಸಾಕಾಯ್ತೇನು?"

"ಸಾಕಾಗಿಲ್ರಿ. ಪರ್ಮನಂಟ್ ಆದ್ಮ್ಯಾಲ ಈ ಮನಿ ಇನ್ನೊಮ್ಮಿ ನೋಡ್ಲಾಕ ಬರಬೇಕಂತ ಮನಸ್ಸದ" ಎಂದ, ನೆಲ ನೋಡುತ್ತಾ.

ಅದು ಅವಳಿಗೆ ಕೇಳಿಸಿತ್ತು. ತನ್ನ ಬಗ್ಗೆ ತಾನು ಒಂದು ಮಾತು ಹೇಳಲು ಓಢಣಿ ಸುತ್ತುತ್ತಿದ್ದ ಹುಡುಗಿ ಈ ಸಲ ನನ್ನ ಮುಖವನ್ನೂ ನೋಡಲಿಲ್ಲ.

"ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕ ಮದ್ಲ ನಾ ನಿಮ್ಮ ಮನಿಗಿ ಮನಷ್ಯಾನ್ನ ಕಳಸ್ತೀನಿ. ಪೊಲೀಸ್ ಕೇಸ್ ಇದ್ರ ಈಗ ಹೇಳಿಬಿಡ್ರಿ."